ಗಿಳಿ ಬಣ್ಣದ ಸೀರೆ

"ಗುರುಗಳೇ, ನಾನು ತಡವಾಗಿ ಬಂದೆನೇ?" ಎಂದು ಕಿರಿಯ ಶಿಷ್ಯ ಕೇಳಿದ. "ನೀವು ಊರೂರು ತಿರುಗಿ ಪಾಠ ಹೇಳುತ್ತಿದ್ದ ಕಾಲವನ್ನು ನಾನು ನೋಡಲಿಲ್ಲ. ಆಗಿನ ಗುರುಗಳನ್ನು ಕಾಣದವನು ಗುರುಗಳನ್ನು ಕಂಡೇ ಇಲ್ಲ ಎನ್ನುತ್ತಾರೆ ಹಿರಿಯ ಶಿಷ್ಯರು. ನನಗೆ ಸಿಕ್ಕಿದ್ದು ಅಳಿದುಳಿದದ್ದೇ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀಲಗಾರನಿದ್ದ. ನೂಲಿಗೂ ಸೀರೆಗೂ ಬಣ್ಣ ಹಾಕುವವನು. ಆ ಕಾಲದಲ್ಲಿ ಬಣ್ಣಗಳಿಗೆ ಬಾಯಿ ತುಂಬುವ ಹೆಸರುಗಳಿದ್ದವು. ದಾಳಿಂಬೆ ಕೆಂಪು ಅನ್ನುವರು, ನವಿಲುಗೊರಳು ಅನ್ನುವರು, ಹಳೇ ಬೆಲ್ಲದ ಬಣ್ಣ ಅನ್ನುವರು. ಹೆಸರು ಹೇಳಿ ಸೀರೆ ಕೊಟ್ಟು ಹೋದರೆ ಸಾಕು, ತೋರಿಸುವ ಕೆಲಸವಿರಲಿಲ್ಲ.

ಅವನಲ್ಲಿಗೆ ಅಕ್ಕತಂಗಿಯರಿಬ್ಬರು ಬಂದರು. ಅವರ ಅವ್ವ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಮುತ್ತೈದೆಯಾಗಿಯೇ ಹೋದ ಜೀವ. ವರ್ಷದ ದಿನ ಅವಳ ಹೆಸರಿನಲ್ಲಿ ಒಬ್ಬ ಮುತ್ತೈದೆಗೆ ಸೀರೆ ಉಡಿಸಬೇಕು. ಅವ್ವನಿಗೆ ಇಷ್ಟವಾದ ಬಣ್ಣದ್ದೇ ಆಗಬೇಕು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು:

"ಗಿಳಿ ಬಣ್ಣ ಹಾಕು, ಕಾಕಾ."

ನೀಲಗಾರ ಬಣ್ಣ ಹಾಕಿದ. ವರ್ಷದ ಪೂಜೆಯ ಹಿಂದಿನ ದಿನ ಇಬ್ಬರೂ ಬಂದರು. ಹಗ್ಗದ ಮೇಲೆ ಸೀರೆ ಹಚ್ಚಹಸಿರಾಗಿ ಒಣಗುತ್ತಿತ್ತು. ಅಕ್ಕ ಅದನ್ನು ಕೆನ್ನೆಗೊತ್ತಿಕೊಂಡು ಅತ್ತಳು. ತಂಗಿ ಮುಟ್ಟಲಿಲ್ಲ.

"ಇದು ಗಿಳಿ ಬಣ್ಣವಲ್ಲ," ಎಂದಳು. "ಗಿಳಿ ಬಣ್ಣ ನೀಲಿ."

ನೀಲಗಾರನಿಗೆ ನಗು ತಡೆಯಲಿಲ್ಲ. "ನೀಲಿ ಗಿಳಿಯನ್ನು ಯಾವ ಊರಲ್ಲಿ ಕಂಡೆ, ತಂಗೀ? ಆ ಊರಲ್ಲಿ ಕಾಗೆ ಬೆಳ್ಳಗಿರುತ್ತದೋ ಏನೋ!"

ಅಕ್ಕ ನಗಲಿಲ್ಲ. "ನನ್ನ ಮದುವೆಯಾದ ಮೇಲೆ ಹುಟ್ಟಿದವಳು ನೀನು. ನಿನಗೇನು ಗೊತ್ತು ಅವ್ವನ ವಿಷಯ? ನೀನು ನೋಡಿದ್ದು ಮುದುಕಿಯನ್ನು. ಈ ಬಣ್ಣದ ಸೀರೆ ಉಟ್ಟು ಓಡಾಡುತ್ತಿದ್ದವಳನ್ನು ನೋಡಿದವಳು ನಾನು."

ತಂಗಿಯ ಮುಖ ಸಣ್ಣದಾಯಿತು. "ಗಿಳಿಯ ಮಾತು ಬಿಡು, ಕಾಕಾ. ನನಗೆ ಗಿಳಿ ಬಣ್ಣ ಅಂದರೆ ಅವ್ವನ ಸೀರೆ. 'ನನ್ನ ಗಿಳಿ ಬಣ್ಣದ್ದು ತಾ' ಅನ್ನುವಳು, ನಾನು ನೀಲಿ ಸೀರೆ ತಂದುಕೊಡುತ್ತಿದ್ದೆ. ಒಂದು ದಿನವೂ ತಪ್ಪು ತಂದೆ ಅನ್ನಲಿಲ್ಲ. ಆ ಸೆರಗಿನಲ್ಲೇ ನಾನು ನಿದ್ದೆ ಮಾಡಿದ್ದು. ಅದು ಅವ್ವನ ಬಣ್ಣವೇ ಅಲ್ಲ ಅಂದರೆ, ನಾಳೆ ನಾನು ಯಾರ ಮಗಳು ಅಂತ ಪೂಜೆಗೆ ಕೂರಲಿ? ನಾನು ಬರುವುದಿಲ್ಲ."

ನೀಲಗಾರನ ನಗು ನಿಂತಿತು. "ಅವ್ವ ಆ ಸೀರೆಯನ್ನು ಎಲ್ಲಿ ಒಣಹಾಕುತ್ತಿದ್ದಳು, ಮಗಳೇ?"

"ಹಿತ್ತಲ ಬೇಲಿಯ ಮೇಲೆ. ಬಿಸಿಲಿಗೆ."

ನೀಲಗಾರ ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ತಪ್ಪಾಯಿತವ್ವಾ, ನಗಬಾರದಿತ್ತು. ಹಸಿರಿಗೆಂದು ನಮ್ಮ ಹತ್ತಿರ ಬೇರೆ ಬಣ್ಣದ ಬಾನಿಯೇ ಇಲ್ಲ. ಮೊದಲು ನೀಲಿಯಲ್ಲಿ ಅದ್ದುತ್ತೇವೆ. ಅದು ಒಣಗಿದ ಮೇಲೆ ಅರಿಶಿನದಲ್ಲಿ ಅದ್ದುತ್ತೇವೆ. ಎರಡೂ ಕೂಡಿದರೆ ಗಿಳಿ ಬಣ್ಣ. ಅರಿಶಿನಕ್ಕೆ ಬಿಸಿಲು ಆಗದು. ಒಗೆದು ಒಗೆದು ಒಣಹಾಕಿದರೆ ಅದು ಹೊರಟುಹೋಗುತ್ತದೆ, ಒಳಗಿನ ನೀಲಿ ನಿಲ್ಲುತ್ತದೆ. ನೀವಿಬ್ಬರೂ ಕಂಡದ್ದು ಒಂದೇ ಸೀರೆ."

ಅಕ್ಕ ಹಗ್ಗದ ಮೇಲಿನ ಸೀರೆಯ ಸೆರಗನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಷ್ಟು ಮಾಸುವವರೆಗೂ ಅದನ್ನೇ ಉಟ್ಟಳೇ? ಬೇರೆ ಸೀರೆ ಇರಲಿಲ್ಲವೇ ಅವ್ವನಿಗೆ?"

"ಇದ್ದವು," ಎಂದಳು ತಂಗಿ. "ನೀನು ತವರಿಗೆ ಬಂದಾಗ ತಾನು ಉಡಲೆಂದು ಎತ್ತಿಟ್ಟಿದ್ದಳು."

ಅಕ್ಕನ ಕೈಯಿಂದ ಸೀರೆಯ ಸೆರಗು ಜಾರಿತು. ಅದು ನೆಲ ಮುಟ್ಟುವ ಮೊದಲೇ ತಂಗಿ ಹಿಡಿದುಕೊಂಡಳು.

"ಬಿಡು ತಂಗೀ, ಅರಿಶಿನ ತೆಗೆದು ನೀಲಿ ಮಾಡಿಸೋಣ," ಎಂದಳು ಅಕ್ಕ.

"ಬೇಡ ಅಕ್ಕಾ, ಹಸಿರೇ ಇರಲಿ. ಉಟ್ಟ ಮುತ್ತೈದೆ ತನ್ನ ಮಕ್ಕಳನ್ನು ಸಾಕುತ್ತಾ ತಾನೇ ನೀಲಿ ಮಾಡಿಕೊಳ್ಳಲಿ."

ಇಬ್ಬರೂ ಸೀರೆಯ ಎರಡು ತುದಿ ಹಿಡಿದು ಮಡಿಚಿದರು. ಮರುದಿನ ಇಬ್ಬರೂ ಒಂದೇ ಮಣೆಯ ಮೇಲೆ ಒತ್ತಿಕೊಂಡು ಕೂತು ಪೂಜೆ ಮಾಡಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಿರಲಿಲ್ಲ. "ಆದರೂ ಗುರುಗಳೇ, ಅವರಿಬ್ಬರಲ್ಲಿ ಅವ್ವನನ್ನು ನಿಜವಾಗಿ ಕಂಡವರು ಯಾರು?"

"ಅವರು ಈ ಪ್ರಶ್ನೆಯನ್ನು ಅವ್ವ ಹೋದ ಮೇಲೆ ಕೇಳಿಕೊಂಡರು ಮಗಾ, ನಾನಿನ್ನೂ ನಿನ್ನ ಎದುರಿಗೇ ಕೂತಿದ್ದೇನಲ್ಲ," ಎಂದರು ಗುರುಗಳು.