ಎಳೆಗೆ ಗಂಜಿ, ಚರ್ಮಕ್ಕೆ ಎಣ್ಣೆ

“ಗುರುಗಳೇ, ಗೆದ್ದೆ ಅಂದುಕೊಂಡ ಸಿಟ್ಟು ಮತ್ತೆ ಬರುತ್ತಿದೆ. ಅದನ್ನು ಬೇರುಸಹಿತ ಕೀಳುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಕಂಬಳಿ ನೇಕಾರನಿದ್ದ. ಅವನ ಐದು ವರ್ಷದ ಮಗಳಿಗೆ ಇಸಬು. ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದಳು. ಅಂಟುರೋಗವೆಂದು ನೆರೆಯವರು ತಮ್ಮ ಮಕ್ಕಳನ್ನು ಅವಳೊಡನೆ ಆಡಲು ಬಿಡಲಿಲ್ಲ. ನೇಕಾರ, ಪಾಪ, ತಾನೇ ನೇಯ್ದ ಕಂಬಳಿಯನ್ನು ಅವಳಿಗೆ ಇನ್ನಷ್ಟು ಬಿಗಿಯಾಗಿ ಹೊದಿಸುತ್ತಿದ್ದ.

ಊರಾಚೆಯ ವೈದ್ಯೆ ಮಗುವನ್ನು ನೋಡಿದಳು. ಇದು ಅಂಟುವುದಿಲ್ಲ, ಜೊತೆಗೇ ಕೂರಿಸಿಕೊಂಡು ಉಣ್ಣಿಸು ಎಂದಳು. ಸುಡುನೀರು ಬೇಡ, ಉಗುರುಬೆಚ್ಚಗಿನ ನೀರು ಸಾಕು; ಮೈಯ ಹಸಿ ಆರುವ ಮೊದಲೇ ಎಣ್ಣೆ ಹಚ್ಚಬೇಕು; ಉಗುರು ಕತ್ತರಿಸಿರಬೇಕು; ಮೈಗೆ ಹತ್ತಿಬಟ್ಟೆಯೇ ತಾಗಬೇಕು, ಉಣ್ಣೆ ಕೂಡದು.

ಕಡೆಯ ಮಾತು ಅವನಿಗೆ ಚುಚ್ಚಿತು. ಆದರೂ ಹೇಳಿದಂತೆ ಮಾಡಿದ. ಎರಡು ತಿಂಗಳಲ್ಲಿ ಚರ್ಮ ನುಣುಪಾಯಿತು. ರೋಗ ಹೋಯಿತೆಂದು ಎಣ್ಣೆಯ ಕುಡಿಕೆಯನ್ನು ಅಟ್ಟಕ್ಕೇರಿಸಿದ. ಚಳಿಗಾಲ ಬಂತು. ಕುರಿಮರಿಯ ಮೊದಲ ಉಣ್ಣೆಯಿಂದ ಒಂದು ಕಂಬಳಿ ನೇಯ್ದು, ಇದು ಚುಚ್ಚೀತೇ ಎಂದು ಮಗಳಿಗೆ ಹೊದಿಸಿದ. ಮೂರನೆಯ ದಿನ ಮತ್ತೆ ರಕ್ತ.

ನೇಕಾರ ಕೆಂಡವಾಗಿ ವೈದ್ಯೆಯ ಬಾಗಿಲಿಗೆ ಹೋದ. “ಬೇರುಸಮೇತ ಹೋಗೋ ಮದ್ದಿದ್ರೆ ಕೊಡವ್ವ. ಅರ್ಧಂಬರ್ಧ ಮದ್ದು ನನಗೆ ಬೇಡ.”

“ಮಗ್ಗದ ಎಳೆಗೆ ಹುಣಸೆಬೀಜದ ಗಂಜಿ ಹಚ್ತೀಯಲ್ಲಪ್ಪ, ಒಂದ್ಸಲ ಹಚ್ಚಿದ್ರೆ ಜನ್ಮಕ್ಕಾಯ್ತಾ?”

“ಅದೆಂಗಾಗುತ್ತೆ? ಕಂಬಳಿಗೊಂದ್ಸಲ ಹಚ್ಲೇಬೇಕು. ಇಲ್ಲಾಂದ್ರೆ ಎಳೆ ಹರಿಯುತ್ತೆ.”

“ಹಂಗಂತ ಎಳೆ ಮೇಲೆ ಸಿಟ್ಟು ಮಾಡ್ತೀಯಾ?”

“ಸಿಟ್ಯಾಕೆ? ಎಳೆ ಇರೋದೇ ಹಂಗೆ” ಎಂದವನಿಗೆ ತನ್ನ ಮಾತು ತನಗೇ ಕೇಳಿಸಿದಂತಾಯಿತು.

ಮನೆಗೆ ಹೋಗಿ ಕುಡಿಕೆಯನ್ನು ಅಟ್ಟದಿಂದ ಇಳಿಸಿದ. ಹೊಸ ಕಂಬಳಿಯನ್ನು ತಾನು ಹೊದ್ದ. ಅಂದಿನಿಂದ ದಿನವೂ ಮಗಳ ಮೈಗೆ ಎಣ್ಣೆ ಹಚ್ಚಿದ. ಇಸಬು ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತಿತ್ತು, ಬೇಗ ತಗ್ಗುತ್ತಿತ್ತು. ಮಗಳು ನಿದ್ದೆ ಮಾಡಿದಳು, ಓಣಿಯಲ್ಲಿ ಆಡಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕಾದು ನೋಡಿ, “ಹಾಗಾದರೆ ಬೇರು ಕೀಳುವುದು?” ಎಂದ.

“ಅದಿರಲಿ, ನೀನು ನಿನ್ನ ಮನಸ್ಸಿಗೆ ಇವತ್ತಿನ ಎಣ್ಣೆ ಹಚ್ಚಿದೆಯಾ?”