ಜೋಡಿ ಬಟ್ಟಲ ಮಠ

ಪೆರು ದೇಶದ ಎತ್ತರದ ಬೆಟ್ಟಗಳ ನಡುವೆ ಯಾನಮಾರ್ಕ ಎಂಬ ಊರಿದೆ. ಅಲ್ಲಿ ಸ್ಪೇನಿನವರು ಕಟ್ಟಿಸಿದ ಕ್ರೈಸ್ತ ಸನ್ಯಾಸಿನಿಯರ ಹಳೆಯ ಮಠವೊಂದು ಇಂದಿಗೂ ನಿಂತಿದೆ. ಫಲಕದ ಮೇಲೆ ಸಾಂತಾ ಬ್ರಿಜಿದಾ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದಾರೆ. ಆ ಹೆಸರು ಹೇಳಿ ಸಂತೆಯಲ್ಲಿ ದಾರಿ ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಜೋಡಿ ಬಟ್ಟಲ ಮಠ ಎಂದರೆ ಮಾತ್ರ ಕೈ ತೋರಿಸುತ್ತಾರೆ. ತೋರಿಸಿದ ಕೈಯನ್ನು ಬೇಗನೆ ಶಾಲಿನೊಳಗೆ ಎಳೆದುಕೊಳ್ಳುತ್ತಾರೆ. ಮಠದ ಗೋಡೆಯ ಮೇಲರ್ಧ ಸ್ಪೇನಿನವರದು, ಸುಣ್ಣ ಬಳಿದದ್ದು, ಭೂಮಿ ನಡುಗಿದಾಗಲೆಲ್ಲ ಬಿರುಕು ಬಿಟ್ಟು ತೇಪೆ ಹಾಕಿಸಿಕೊಂಡದ್ದು. ಕೆಳಗಿನದು ಇಂಕಾ ಅರಸರ ಕಾಲದ ಕಪ್ಪು ಕಲ್ಲು. ಅದಕ್ಕೆ ಗಾರೆಯಿಲ್ಲ, ಆದರೂ ಸಂದಿಯಲ್ಲಿ ಉಗುರು ತೂರುವುದಿಲ್ಲ. ಹಿಂದಿನ ಓಣಿಯಲ್ಲಿ ಆ ಗೋಡೆಯೊಳಗೆ ಮರದ ತಿರುಗುಗೂಡು ಒಂದಿದೆ. ಹೊರಗಿನವರು ಅದರಲ್ಲಿ ಸಾಮಾನಿಟ್ಟು ತಿರುಗಿಸಿದರೆ ಒಳಗಿನವರ ಕೈಗೆ ಸೇರಬೇಕು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದು. ಅದಕ್ಕೆಂದೇ ಮಾಡಿಸಿದ ಏರ್ಪಾಡು. ಮಠಕ್ಕೆ ಹೆಸರು ಬಂದದ್ದು ಈ ಗೂಡಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಸೂರ್ಯನ ಕನ್ಯೆಯರ ಮನೆಯಿತ್ತಂತೆ. ಅರಸನ ಆಳುಗಳು ಊರೂರು ಸುತ್ತಿ ಚೆಲುವೆಯರನ್ನು ಆರಿಸಿ ತರುತ್ತಿದ್ದರು. ಅವರು ಒಳಗೆ ಕೂತು ಬಟ್ಟೆ ನೇಯಬೇಕು, ದೇವರಿಗೆಂದು ಮೆಕ್ಕೆಜೋಳದಿಂದ ಚಿಚಾ ಎಂಬ ಹೆಂಡ ಹುದುಗಿಸಬೇಕು. ಹೆತ್ತವರು ಅವರನ್ನು ಮತ್ತೆ ಕಂಡದ್ದಿಲ್ಲ. ಆಮೇಲೆ ಸ್ಪೇನಿನವರು ಬಂದು, ಇದು ಪಿಶಾಚಿಯ ಮನೆ ಎಂದರು. ಮೇಲರ್ಧ ಕೆಡವಿ, ಅದೇ ತಳಪಾಯದ ಮೇಲೆ ಮಠ ಎಬ್ಬಿಸಿದರು. ಪಿಶಾಚಿ ತೊಲಗಿತೆಂದು ಗಂಟೆ ಬಾರಿಸಿ, ಒಳಗೆ ತುಂಬಲು ಮತ್ತೆ ಹುಡುಗಿಯರನ್ನೇ ಹಿಡಿದು ತಂದರು. ಹೆತ್ತವರಿಗೆ ಇದರಲ್ಲಿ ಏನು ವ್ಯತ್ಯಾಸ ಕಂಡಿತೋ ಆ ಪುಣ್ಯಾತ್ಮರೇ ಹೇಳಬೇಕು.

ಹಾಗೆ ಹೋದವರಲ್ಲಿ ಚಿಂಪು ಎಂಬ ವಿಧವೆಯ ಒಬ್ಬಳೇ ಮಗಳು ವಾಯ್ತಾ ಕೂಡ ಇದ್ದಳು. ಚಿಂಪು ಸಂತೆಯಲ್ಲಿ ಚಿಚಾ ಮಾರಿ ಬದುಕುವವಳು. ಅವಳ ಚಿಕ್ಕಮ್ಮನನ್ನು ಅರಸನ ಕಾಲದಲ್ಲಿ ಇದೇ ಗೋಡೆ ನುಂಗಿತ್ತು. ಈಗ ಮಗಳನ್ನೂ ಮಠದ ಚಾಕರಿಗೆಂದು ಕರೆದೊಯ್ದರು. ಮುಂಬಾಗಿಲಲ್ಲಿ ಕಾವಲಿನ ಸನ್ಯಾಸಿನಿ ಕೂತು, ಮಾತಾಡಗೊಡದೆ ಅಟ್ಟುತ್ತಿದ್ದಳು. ಹುಡುಕುತ್ತ ಹುಡುಕುತ್ತ ಚಿಂಪುವಿಗೆ ಹಿಂದಿನ ಓಣಿಯ ಗೂಡು ಸಿಕ್ಕಿತು. ಆ ನಾಡಿನಲ್ಲಿ ಕುಡಿಯುವ ಬಟ್ಟಲನ್ನು ಒಂಟಿಯಾಗಿ ಕೆತ್ತುವುದಿಲ್ಲ. ಒಂದೇ ಮರದಿಂದ ಎರಡು ಕೆತ್ತಬೇಕು: ಒಂದು ತನಗೆ, ಇನ್ನೊಂದು ತಾನು ಕರೆದವರಿಗೆ. ಕೊಟ್ಟದ್ದನ್ನು ಕುಡಿದವರು ನಂಟರಾದ ಹಾಗೆ. ಅವರು ಮುಂದೊಂದು ದಿನ ತುಂಬಿದ ಬಟ್ಟಲನ್ನು ಹಿಂದಿರುಗಿಸಲೇಬೇಕು, ಅದನ್ನು ಬೇಡವೆನ್ನುವಂತೆಯೂ ಇಲ್ಲ. ಚಿಂಪು ತನ್ನ ಮದುವೆಯ ಜೋಡಿಯಲ್ಲಿ ಒಂದನ್ನು ತುಂಬಿ ಗೂಡಿನಲ್ಲಿಟ್ಟು, ವಾಯ್ತಾ ಎಂದು ಕರೆದು, ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಗೂಡು ಮರಳಿ ತಿರುಗಿತು. ಬಟ್ಟಲು ಬರಿದಾಗಿತ್ತು.

ಅಂದಿನಿಂದ ಪ್ರತಿ ಸಂತೆಯ ಸಂಜೆ ತಾಯಿ ಹೊರಗೆ, ಮಗಳು ಒಳಗೆ, ಇಬ್ಬರೂ ಕುಡಿಯುವುದು ರೂಢಿಯಾಯಿತು. “ಉಂಡೆಯಾ ಮಗಳೇ?” ಎಂದು ಚಿಂಪು ಕೇಳುವಳು. “ಹೂಂ” ಎಂದು ಒಳಗಿನಿಂದ ಸಣ್ಣ ದನಿ ಬರುವುದು. “ಚಳಿಯಾ?” ಎಂದರೂ ಹೂಂ. ಯಾರಾದರೂ ಕೇಳಿಸಿಕೊಂಡಾರೆಂದು ಹೆದರಿಕೊಂಡಿದ್ದಾಳೆ, ಪಾಪ, ಎಂದುಕೊಂಡು ಚಿಂಪು ಅಷ್ಟಕ್ಕೇ ಹೊಟ್ಟೆ ತುಂಬಿಸಿಕೊಳ್ಳುವಳು. ಬಟ್ಟಲು ಯಾವಾಗಲೂ ಮಂಜುಗಡ್ಡೆಯ ಹಾಗೆ ತಣ್ಣಗಿರುತ್ತಿತ್ತು. ಜೋಳದ ಸಿಪ್ಪೆಯಿಂದ ಒರೆಸಿದ ವಾಸನೆ ಬರುತ್ತಿತ್ತು. ಅದು ಚಿಕ್ಕಮ್ಮನ ಕಾಲದವರ ಅಭ್ಯಾಸ. ಈ ಹುಡುಗಿಗೆ ಯಾರು ಕಲಿಸಿದರೋ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸಿದ್ದುಂಟು.

ವರ್ಷ ತುಂಬುವ ಹೊತ್ತಿಗೆ ಪರಮಪ್ರಸಾದದ ಹಬ್ಬ ಬಂತು. ಮೆರವಣಿಗೆಗೆ ಹೂ ಎರಚಲು ಚಾಕರಿಯ ಹುಡುಗಿಯರನ್ನು ಮುಂಬಾಗಿಲಿಗೆ ತಂದು ನಿಲ್ಲಿಸಿದ್ದರು. ಚಿಂಪು ಜನರ ನಡುವೆ ನುಗ್ಗಿ ಮಗಳ ಕೈ ಹಿಡಿದಳು. ವಾಯ್ತಾ ಬಡಕಲಾಗಿದ್ದಳು. “ಒಂದು ಸಲವಾದರೂ ಬರಬಾರದಾಗಿತ್ತೇನಮ್ಮ?” ಎಂದು ಅತ್ತಳು.

“ವಾರವಾರವೂ ಬಂದಿದ್ದೇನಲ್ಲೇ! ಹಿಂದಿನ ಗೂಡಿನಲ್ಲಿ ನಿನ್ನ ಕೂಡ ಮಾತಾಡಲಿಲ್ಲವೇ?”

“ಆ ಗೂಡಿರುವ ಕೋಣೆಗೆ ಯಾರೂ ಹೋಗುವುದಿಲ್ಲಮ್ಮ. ಅಲ್ಲಿ ಯಾರೋ ನೇಯುವ ಸದ್ದು ಬರುತ್ತೆ ಅಂತ, ನಾನು ಬರುವುದಕ್ಕೆ ಮೊದಲೇ ಬಾಗಿಲಿಗೆ ಕಲ್ಲು ಕಟ್ಟಿಬಿಟ್ಟಿದ್ದಾರೆ.”

ಅಷ್ಟರಲ್ಲಿ ಹುಡುಗಿಯನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದರು. ಮಗಳು ಆ ಮನೆಯಲ್ಲಿ ಇನ್ನೊಂದು ಚಳಿಗಾಲ ಉಳಿಯಲಾರಳೆಂದು ತಾಯಿಗೆ ಖಚಿತವಾಗಿತ್ತು. ಅವಳು ನೇರ ಹಿಂದಿನ ಓಣಿಗೆ ಹೋಗಿ ಗೂಡಿನ ಮುಂದೆ ನಿಂತಳು. “ನೀವು ಯಾರೇ ಆಗಿರಿ, ನಾನು ಕೊಟ್ಟದ್ದನ್ನು ಕುಡಿದಿದ್ದೀರಿ. ನನ್ನ ಮಗಳನ್ನು ಹೊರಗೆ ಕಳಿಸಿಕೊಡಿ” ಎಂದಳು. ಗೂಡು ನಿಧಾನವಾಗಿ ತಿರುಗಿತು. ಅದರಲ್ಲಿ ಅವಳು ವಾರವಾರವೂ ಅಲ್ಲೇ ಬಿಟ್ಟು ಹೋಗುತ್ತಿದ್ದ ಬಟ್ಟಲೇ ಇತ್ತು, ಅಂಚಿನವರೆಗೆ ಚಿಚಾ ತುಂಬಿಕೊಂಡು. ನಂಟರು ತಿರುಗಿ ಕರೆದಿದ್ದರು. ಕುಡಿದರೆ ಎಲ್ಲಿಗೆ ಹೋಗಬೇಕಾಗುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. “ಮಗಳು ಮೊದಲು ಬರಲಿ, ಆಮೇಲೆ ಕುಡಿಯುತ್ತೇನೆ” ಎಂದಳು. ಒಳಗಿನಿಂದ “ಹೂಂ” ಎಂದಿತು.

ಮರುದಿನ ಬೆಳಗಿನ ಪೂಜೆಯ ಗಂಟೆ ಬಾರಿಸುತ್ತಿದ್ದಂತೆ ವಾಯ್ತಾ ಓಣಿಯಲ್ಲಿ ಬರಿಗಾಲಲ್ಲಿ ನಿಂತಿದ್ದಳಂತೆ. ಯಾವ ಬಾಗಿಲಿನಿಂದ ಬಂದಳೆಂದು ಅವಳಿಗೇ ತಿಳಿಯದು. ಯಾರೋ ಮುದುಕಿ ಕೈ ಹಿಡಿದು ಕಲ್ಲಿನ ನಡುವೆ ನಡೆಸಿದಳು, ಆ ಕೈ ತುಂಬ ತಣ್ಣಗಿತ್ತು ಎಂದಳು. ಚಿಂಪು ಮಗಳನ್ನು ಅಪ್ಪಿ, ತಲೆ ನೇವರಿಸಿ, ತನ್ನ ಶಾಲು ಹೊದಿಸಿದಳು. ಆಮೇಲೆ ಬಟ್ಟಲಿಗೆ ಕೈ ಹಾಕಿದಳು. “ಬೇಡಮ್ಮ, ಓಡಿಹೋಗೋಣ” ಎಂದು ಮಗಳು ಸೆಳೆದಳು. “ಅವರು ನಡೆಸಿಕೊಟ್ಟರಲ್ಲ ಮಗಳೇ. ಅಲ್ಲಿ ನನ್ನ ಚಿಕ್ಕಮ್ಮನೂ ಇದ್ದಾಳೆ” ಎಂದು ಚಿಂಪು ಒಂದೇ ಗುಟುಕಿಗೆ ಕುಡಿದಳು. ಬರಿದಾದ ಬಟ್ಟಲನ್ನು ಇಡಲು ಗೂಡಿನ ಕಡೆ ಬಾಗಿದಳು. ಗೂಡು ತಿರುಗಿ ನಿಂತಾಗ ಓಣಿಯಲ್ಲಿ ವಾಯ್ತಾ ಒಬ್ಬಳೇ ಇದ್ದಳು.

ವಾಯ್ತಾ ಬೆಟ್ಟದಾಚೆಯ ಊರಿನಲ್ಲಿ ತಲೆಮರೆಸಿಕೊಂಡು ಮುದುಕಿಯಾಗುವವರೆಗೆ ಬದುಕಿದಳು ಎನ್ನುತ್ತಾರೆ. ಸಂತೆಯ ಸಂಜೆ ಮಾತ್ರ ಮುಖ ಮುಚ್ಚಿಕೊಂಡು ಓಣಿಗೆ ಬರುತ್ತಿದ್ದಳು, ಮನೆಯಲ್ಲಿ ಉಳಿದಿದ್ದ ಇನ್ನೊಂದು ಬಟ್ಟಲು ಹಿಡಿದು. “ಉಂಡೆಯಾ ಅಮ್ಮಾ?” ಎಂದು ಕೇಳುತ್ತಿದ್ದಳು.

ಗೂಡಿಗೆ ಈಗ ಮೊಳೆ ಹೊಡೆದಿದ್ದಾರೆ. ಅದರ ಕೆಳಗೆ ಕಲ್ಲಿನ ಮೇಲೆ ಅಂಚು ಸವೆದ ಮರದ ಬಟ್ಟಲೊಂದು ಇದೆ. ಅದರ ಜೋಡಿಯನ್ನು ಹೊರಗಿನವರು ಯಾರೂ ಕಂಡಿಲ್ಲ. ಸಂತೆಯ ಹೆಂಗಸರು ಮನೆಗೆ ಹೊರಡುವ ಮುಂಚೆ ಅದಕ್ಕೆ ಒಂದಿಷ್ಟು ಚಿಚಾ ಸುರಿಯುತ್ತಾರೆ. ನೋಡಲು ಬಂದವರು ಕೆಲವರು ತಮಾಷೆಗೆಂದು ಹಲಗೆಗೆ ಕಿವಿಯಿಟ್ಟು, ಚಳಿಯಾ ಎಂದು ಕೇಳುತ್ತಾರೆ. ಕೇಳಿದವರು ಆಮೇಲೆ ನಗುವುದಿಲ್ಲ.