ಅಲುಮಿಗೂ ಉಕ್ಕವ್ವನಿಗೂ ಒಲೆ ಬೇರೆಯಾದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಾಗ ಹುಡುಕುತ್ತಿದ್ದವು. ಮೋಡಗಳಿಗೆ ನಡೆಯಲು ಬರುತ್ತಿರಲಿಲ್ಲ. ಕಡಲಿನಿಂದ ಬೆಟ್ಟಕ್ಕೆ ಅವುಗಳನ್ನು ಗಾಡಿಯಲ್ಲೇ ಸಾಗಿಸಬೇಕಿತ್ತು. ನಂಬಿಕೆ ಬಾರದಿದ್ದರೆ ಏಡಿಯನ್ನು ಕೇಳಿ. ಅದರ ನಡಿಗೆ ಅಡ್ಡ, ಮಾತು ನೇರ.

ಆ ಗಾಡಿ ಕಟ್ಟಿದವಳು ಕಮ್ಮಾರಜ್ಜಿ ಸಣ್ಣೀರಮ್ಮ. ಗಾಡಿಯ ಮೈಗೆ ಅಲ್ಯೂಮಿನಿಯಂ ತಗಡು ತಂದಳು. ಹಗುರ ಮೈ, ಬೆಳ್ಳಿಯಂಥ ಬಣ್ಣ. ಎಲ್ಲರೂ ಆ ತಗಡನ್ನು ಅಲುಮಿ ಎಂದು ಕರೆದರು. ಅಲುಮಿ ಕಳಚಿಕೊಳ್ಳದಂತೆ ಹಿಡಿದಿಡಲು ಅಜ್ಜಿ ಉಕ್ಕಿನ ಬೋಲ್ಟ್ ತಂದಳು. ಅವಳೇ ಉಕ್ಕವ್ವ. ಒಂದೇ ಗಾಡಿಗೆ ಬಂದ ಮೇಲೆ ಇಬ್ಬರೂ ವಾರಗಿತ್ತಿಯರೇ ತಾನೆ?

ಮೊದಲ ದಿನವೇ ಗಾಡಿ ಎಳೆಯುತ್ತಾ ಗಾಳಿರಾಯ ಹೊಗಳಿದ. "ಭಲೇ ಉಕ್ಕವ್ವಾ! ನೀನಿಲ್ಲದಿದ್ರೆ ಈ ಗಾಡಿ ಎಲ್ಲಿರ್ತಿತ್ತು?"

ಅಲುಮಿಗೆ ಹೊಟ್ಟೆಕಿಚ್ಚಾಯಿತು. ಮೋಡ ಹೊರುವವಳು ನಾನು. ಬಿಸಿಲು ತಿನ್ನುವವಳು ನಾನು. ಹೆಬ್ಬೆರಳಷ್ಟಿಲ್ಲದ ಇವಳಿಗೆ ಭಲೇನಾ?

ಮೈ ಒಣಗಿದ್ದಷ್ಟು ಕಾಲ ಉರಿ ಒಳಗೇ ಇತ್ತು. ಒಂದು ದಿನ ಕಡಲಿನಿಂದ ಉಪ್ಪುನೀರಿನ ಹನಿಯೊಂದು ಹಾರಿಬಂದು ಇಬ್ಬರ ನಡುವಿನ ಸಂದಿಯಲ್ಲಿ ಕೂತಿತು. ಕೆಲಸ ಕೆಟ್ಟಿತು. ಚಾಡಿ ಹೇಳುವುದರಲ್ಲಿ ಉಪ್ಪುನೀರನ್ನು ಮೀರಿಸುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

"ಅಲುಮಕ್ಕಾ, ನಿನ್ನ ವಾರಗಿತ್ತಿ ಏನಂದ್ಲು ಗೊತ್ತಾ? ತಗಡಾಗೋಕೆ ಯಾರಾದ್ರೂ ಸಾಕಂತೆ!"

"ಹಾಗಂದ್ಲಾ?"

ಉಕ್ಕವ್ವ ತುಟಿಯನ್ನೇ ಬಿಚ್ಚಿರಲಿಲ್ಲ. ಆದರೂ ಅಲುಮಿ ಕುದಿದಳು. ಕುದಿದಾಗಲೆಲ್ಲ ಮೈಯ ಒಂದು ಚೂರು ಬಿಳಿ ಹುಡಿಯಾಗಿ ಉದುರಿತು. ಸೋಜಿಗವೆಂದರೆ, ಅಲುಮಿ ಸವೆದಷ್ಟೂ ಉಕ್ಕವ್ವನಿಗೆ ತುಕ್ಕೇ ಹತ್ತಲಿಲ್ಲ. ಮದುವಣಗಿತ್ತಿಯ ಹಾಗೆ ಮಿಂಚಿದಳು.

"ನಾನು ಸೊರಗಿದ್ರೆ ಇವಳಿಗೆ ಕಳೆ ಬರುತ್ತೆ!" ಎಂದು ಅಲುಮಿ ಇನ್ನಷ್ಟು ಕುದಿದಳು. ಇನ್ನಷ್ಟು ಉದುರಿದಳು.

ಬೋಲ್ಟಿನ ತೂತು ಅಗಲವಾಯಿತು. ಗಾಡಿ ಲಟಲಟ ಅಲುಗಾಡಿತು. ಒಂದು ಮರಿಮೋಡ ದಾರಿಯಲ್ಲೇ ಜಾರಿ ಬಿತ್ತು.

"ಅಜ್ಜೀ, ಈ ತಗಡು ಕೆಟ್ಟಿತು. ಕಿತ್ತು ಬಿಸಾಕು" ಎಂದ ಗಾಳಿರಾಯ.



"ಸುಮ್ನಿರಯ್ಯ. ವಾರಗಿತ್ತಿಯರನ್ನ ಹತ್ತಿರ ಮಾಡಿದ್ರೆ ಜಗಳ ತಾನೇ ಹೋಗುತ್ತೆ" ಎಂದು ಅಜ್ಜಿ ಬೋಲ್ಟನ್ನು ಇನ್ನೂ ಬಿಗಿದಳು. ಮನೆಮನೆಯ ಅತ್ತೆಯರು ಮಾಡುವ ತಪ್ಪೇ ಇದು! ಬೆಳಗಾಗುವಷ್ಟರಲ್ಲಿ ಬೊಗಸೆ ತುಂಬ ಹುಡಿ.

ಅಲುಮಿ ಅತ್ತೇಬಿಟ್ಟಳು. "ಅಜ್ಜೀ, ನನ್ನ ಬಿಸಾಕಬೇಡ. ಅವಳ ಮೈ ತಾಗಿದ್ರೆ ಸಾಕು, ಹೊಟ್ಟೆ ಉರಿಯುತ್ತೆ. ತಡೆಯೋಕೆ ನನ್ನಿಂದ ಆಗ್ತಿಲ್ಲ."

"ನಾನೇನೂ ಅಂದಿಲ್ಲ ಕಣೇ" ಎಂದಳು ಉಕ್ಕವ್ವ.

"ನೀನು ಮಿಂಚೋದೇ ಸಾಕು!"

ಅಜ್ಜಿಗೆ ನಗು ತಡೆಯಲಿಲ್ಲ. "ಸರಿ ಹಾಗಾದ್ರೆ. ಮನೆ ಒಂದೇ ಇರಲಿ, ಒಲೆ ಬೇರೆ ಮಾಡ್ತೀನಿ."

ಅವಳು ರಬ್ಬರ್ ಮರದ ಹತ್ತಿರ ಹೋಗಿ ಹಾಲು ಬೇಡಿದಳು. ಹಾಲನ್ನು ಹೆಪ್ಪುಗಟ್ಟಿಸಿ, ಹೊಗೆಗೆ ಹಿಡಿದು ಕರಿಬಳೆ ಮಾಡಿದಳು. ಉಕ್ಕವ್ವನ ತಲೆಯ ಕೆಳಗೆ ಬಳೆ, ಕಾಲಿಗೆ ರಬ್ಬರಿನದೇ ಕಾಲುಚೀಲ. ಅಲುಮಿಯ ಗಾಯವನ್ನು ಒರೆಸಿ ಒಣಗಿಸಿ, ತೂತಿನ ಅಂಚನ್ನೂ ಬಿಡದೆ ಬಣ್ಣ ಬಳಿದಳು. ಈಗ ಉಗುರಷ್ಟು ಜಾಗದಲ್ಲೂ ಒಬ್ಬರ ಮೈ ಇನ್ನೊಬ್ಬರಿಗೆ ತಾಗಲಿಲ್ಲ.

ಉಪ್ಪುನೀರು ಮತ್ತೆ ಬಂತು. "ಅಲುಮಕ್ಕಾ, ನಿನ್ನ ವಾರಗಿತ್ತಿ ಏನಂದ್ಲು ಗೊತ್ತಾ?"

"ಆಂ?" ಎಂದಿತು ನಡುವೆ ಕೂತ ರಬ್ಬರ್ ಬಳೆ. "ಜೋರಾಗಿ ಹೇಳು, ನಂಗೆ ಕಿವಿ ಕೇಳಲ್ಲ."

ಹನಿ ಕಿರುಚಿ ಕಿರುಚಿ ಒಣಗಿಹೋಯಿತು.

ಅಲುಮಿಯ ಹೊಟ್ಟೆಕಿಚ್ಚು ಹೋಯಿತೇ? ಎಲ್ಲಿಯ ಮಾತು! ಉಕ್ಕವ್ವನನ್ನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದಳು. ಆದರೆ ಉದುರಲಿಲ್ಲ. ಮೋಡ ಹೊತ್ತು ಬೆಟ್ಟ ಹತ್ತಿದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕಡಲ ದಾರಿಯ ಬಸ್ಸಿನ ಅಲ್ಯೂಮಿನಿಯಂ ಮೈಗೂ ಉಕ್ಕಿನ ಬೋಲ್ಟಿಗೂ ನಡುವೆ ಒಂದು ಕರಿಬಳೆ ಕೂತಿರುತ್ತದೆ. ಅದನ್ನು ಹಾಕಲು ಯಾರಾದರೂ ಮರೆತರೋ, ಬೋಲ್ಟಿನ ಸುತ್ತ ಅಲುಮಿ ಕುದಿದು ಉದುರಿಸಿದ ಬಿಳಿ ಹುಡಿ ನಿಮ್ಮ ಬೆರಳಿಗೇ ಹತ್ತುತ್ತದೆ.